ಸೀಸದ ವ್ಯಾಪಾರ ಮತ್ತು ಎಳೆಯ ಮಿದುಳು: ವಿಶ್ವವಿದ್ಯಾನಿಲಯಗಳ ಸಂಶೋಧನೆ ಏನು ಹೇಳುತ್ತದೆ?



ಕೆಲವು ತಿಂಗಳ ಹಿಂದೆ ಬೆಂಗಳೂರಿಗೆ ಹೋಗಿದ್ದಾಗ ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ನಮಗೆ ಪರಿಚಿತವಾದ ಕುಟುಂಬವೊಂದನ್ನು ಭೇಟಿಮಾಡುವ ಸಂದರ್ಭ ಒದಗಿತು. ಜಗಲಿಯಲ್ಲಿ ಕುಳಿತಿದ್ದ ಒಂದೂವರೆ ವರ್ಷದ ಮಗು ಚನ್ನಪಟ್ಟಣದ ಮರದ ಆಟಿಕೆಯೊಂದನ್ನು ಬಾಯಿಗಿಟ್ಟು ಕಚ್ಚುತ್ತಿತ್ತು. ಮಗುವಿನ ತಾಯಿ ಎರಡನೆಯ ಬಾರಿಗೆ ಗರ್ಭಿಣಿ. "ಈ ಬಣ್ಣ ಬಾಯಿಗೆ ಹೋದ್ರೆ ಏನೂ ಆಗಲ್ವಾ ಫಾದರ್?" ಎಂದು ಆಕೆ ಕೇಳಿದರು. ಅದೇ ಜಗಲಿಯ ಇನ್ನೊಂದು ಮೂಲೆಯಲ್ಲಿ ಇನ್‌ವರ್ಟರಿನ ಹಳೆಯ ಬ್ಯಾಟರಿ ಇತ್ತು. ಅದನ್ನು ಒಡೆದು ಒಳಗಿನ ಸೀಸವನ್ನು ಬೇರೆ ಮಾಡಿ ಕೊಟ್ಟರೆ ಗುಜರಿಯವನು ಹೆಚ್ಚು ಹಣ ಕೊಡುತ್ತಾನೆಂದು ಮಗುವಿನ ಚಿಕ್ಕಪ್ಪ ಲೆಕ್ಕ ಹಾಕುತ್ತಿದ್ದರು. ಬ್ಯಾಟರಿಯ ಬಗ್ಗೆ ಯಾರೂ ನಮ್ಮನ್ನು ಕೇಳಲಿಲ್ಲ. ನಾವೂ ಏನೂ ಹೇಳಲಿಲ್ಲ.

ತಾಯಿಯ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಮಂಗಳೂರಿಗೆ ಮರಳಿದ ಮೇಲೆ ವೈದ್ಯಮಿತ್ರರನ್ನು ವಿಚಾರಿಸಿ, ಸಿಕ್ಕಿದ್ದನ್ನು ಓದಿದೆವು. ಓದುತ್ತಾ ಹೋದಂತೆ, ಪ್ರಶ್ನೆ ಕೇಳಬೇಕಾಗಿದ್ದುದು ಆಟಿಕೆಯ ಬಗ್ಗೆ ಅಷ್ಟಾಗಿ ಅಲ್ಲ, ಬ್ಯಾಟರಿಯ ಬಗ್ಗೆ ಎಂದು ಮನವರಿಕೆಯಾಯಿತು. ಒಂದು ಲೋಹದ ವ್ಯಾಪಾರ ಹೇಗೆ ಬೆಳೆಯಿತು, ಅದು ಮಕ್ಕಳ ಮಿದುಳಿನ ಕೋಶಗಳಿಗೆ ಏನು ಮಾಡುತ್ತದೆ, ಅದನ್ನು ಕಂಡುಹಿಡಿದ ವಿಶ್ವವಿದ್ಯಾನಿಲಯಗಳ ಸಂಶೋಧಕರು ಏನೇನು ಅನುಭವಿಸಿದರು ಎಂಬುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲಿಗೆ ಒಂದು ಗೊಂದಲ ಪರಿಹರಿಸೋಣ. ಮಕ್ಕಳು ಬರೆಯುವ ಪೆನ್ಸಿಲ್ಲಿನ ಕಡ್ಡಿಯನ್ನು ನಾವು ಸೀಸದಕಡ್ಡಿ ಎನ್ನುತ್ತೇವಾದರೂ ಅದರಲ್ಲಿ ಸೀಸವಿಲ್ಲ, ಅದು ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ನಾವು ಹೇಳಹೊರಟಿರುವುದು ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡಿನ ಸೀಸ, ಬ್ಯಾಟರಿಯ ಸೀಸ. ಮೆದುವಾದ, ಭಾರವಾದ, ಒಲೆಯ ಉರಿಗೇ ಕರಗುವ ಲೋಹ. ಕೆಲಸಕ್ಕೆ ಇಷ್ಟು ಸುಲಭವಾದ ಲೋಹ ಬೇರೆ ಇಲ್ಲ. ರೋಮನ್ನರು ನೀರಿನ ಕೊಳವೆಗೂ ಇದನ್ನೇ ಬಳಸಿದ್ದರು.

ಎಳೆಯ ಮಿದುಳು ಬೆಳೆಯುವ ಬಗೆ

ಗರ್ಭಧಾರಣೆಯಾದ ಸುಮಾರು 28ನೆಯ ದಿನದ ಹೊತ್ತಿಗೆ, ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದು ಖಚಿತವಾಗುವ ಮೊದಲೇ, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳವು ಮುಚ್ಚಿಕೊಂಡಿರುತ್ತದೆ. ಅದರ ಒಳಗೋಡೆಯಲ್ಲಿರುವ ಮೂಲಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ವಿಭಜನೆಗೊಳ್ಳುತ್ತವೆ. ಹೀಗೆ ಹುಟ್ಟಿದ ಎಳೆಯ ನರಕೋಶಗಳು ಹುಟ್ಟಿದಲ್ಲೇ ಉಳಿಯುವುದಿಲ್ಲ. ಮಾಡಿನ ಜಂತಿಗಳಂತೆ ಚಾಚಿಕೊಂಡಿರುವ ಆಧಾರಕೋಶಗಳ ಎಳೆಗಳನ್ನು ಹಿಡಿದು ಒಂದೊಂದಾಗಿ ಹೊರಪದರದ ಕಡೆಗೆ ಏರುತ್ತವೆ. ಬೆಳೆದ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು 2009ರಲ್ಲಿ ಬ್ರೆಜಿಲಿನ ಸಂಶೋಧಕರು ಎಣಿಸಿ ತೋರಿಸಿದರು. ಅವುಗಳಲ್ಲಿ ಹೊರಪದರದ ನರಕೋಶಗಳು ಬಹುಪಾಲು ತಾಯಿಯ ಗರ್ಭದಲ್ಲಿಯೇ ಹುಟ್ಟುವಂಥವು.

ಹುಟ್ಟಿದ ಮೇಲೆ ನಡೆಯುವುದು ಮುಖ್ಯವಾಗಿ ಸಂಪರ್ಕದ ಕೆಲಸ. ಒಂದು ನರಕೋಶ ಇನ್ನೊಂದರ ಜೊತೆ ಮಾತನಾಡುವ ಸಂಧಿಗಳು ಮೊದಲ ಎರಡು ಮೂರು ವರ್ಷಗಳಲ್ಲಿ ವಿಪರೀತ ಸಂಖ್ಯೆಯಲ್ಲಿ ಏರ್ಪಡುತ್ತವೆ. ಅನಂತರ ಬಳಕೆಯಾದವು ಗಟ್ಟಿಗೊಳ್ಳುತ್ತವೆ, ಬಳಕೆಯಾಗದವು ಕಳಚಿಹೋಗುತ್ತವೆ. ಅಮ್ಮನ ಮುಖ ಗುರುತಿಸುವುದು, ಮಾತು ಕಲಿಯುವುದು, ಕೋಪ ಬಂದಾಗ ತಡೆದುಕೊಳ್ಳುವುದು ಎಲ್ಲವೂ ಈ ಕಟ್ಟುವ ಕಳಚುವ ಕೆಲಸದ ಫಲ. ಇದಕ್ಕೆಲ್ಲ ಸಂಜ್ಞೆ ಕೊಡುವ ಮುಖ್ಯ ವಸ್ತುಗಳಲ್ಲಿ ಒಂದು ಕ್ಯಾಲ್ಸಿಯಂ. ನಾವು ಅದನ್ನು ಮೂಳೆಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಿರುತ್ತೇವೆ. ವಾಸ್ತವವಾಗಿ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸಬೇಕಾದರೆ ಕ್ಯಾಲ್ಸಿಯಂ ಕಣಗಳು ಕೋಶದ ಬಾಗಿಲು ದಾಟಿ ಒಳಗೆ ಬರಬೇಕು.

ಸೀಸ ಮೋಸ ಮಾಡುವುದು ಇಲ್ಲಿಯೇ. ದೇಹದ ಕಣ್ಣಿಗೆ ಸೀಸದ ಕಣ ಕ್ಯಾಲ್ಸಿಯಂನಂತೆಯೇ ಕಾಣುತ್ತದೆ. ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮಿದುಳಿಗೆ ಕಾವಲಿರುವ ರಕ್ತನಾಳಗಳ ತಡೆಯನ್ನೂ ಅದು ದಾಟುತ್ತದೆ. ಒಳಗೆ ಸೇರಿದ ಮೇಲೆ ಬೇಡದಿದ್ದಾಗ ಸಂದೇಶ ಹೊರಡಿಸುತ್ತದೆ, ಬೇಕಾದಾಗ ತಡೆಯುತ್ತದೆ. ಕಲಿಕೆ ಮತ್ತು ನೆನಪಿಗೆ ಅತ್ಯಗತ್ಯವಾದ ಎನ್‌ಎಂಡಿಎ ಎಂಬ ಗ್ರಾಹಕಗಳನ್ನು ಅಡ್ಡಗಟ್ಟುತ್ತದೆ. ಯಾವ ಸಂಧಿ ಉಳಿಯಬೇಕು, ಯಾವುದು ಕಳಚಬೇಕು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ. ಮಗುವಿನ ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ. ಶಾಲೆಗೆ ಹೋದಮೇಲೆ 'ಇವನಿಗೆ ತಲೆಗೆ ಹತ್ತುವುದಿಲ್ಲ, ಒಂದು ಕಡೆ ಕೂರುವುದಿಲ್ಲ' ಎಂಬ ದೂರು ಮಾತ್ರ ಬರುತ್ತದೆ. ಬೈಗುಳ ತಿನ್ನುವುದು ಮಗು.

ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಹೊಟ್ಟೆ ಖಾಲಿಯಿದ್ದರೆ, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ನಮ್ಮನ್ನು ಹೆಚ್ಚು ಯೋಚನೆಗೀಡುಮಾಡಿದ್ದು ಇನ್ನೊಂದು ಸಂಗತಿ. ರಕ್ತದಲ್ಲಿದ್ದ ಸೀಸ ಒಂದೆರಡು ತಿಂಗಳಲ್ಲಿ ಇಳಿಯುತ್ತದೆ, ಆದರೆ ಅದರ ಒಂದು ಭಾಗ ಮೂಳೆಯಲ್ಲಿ ಸೇರಿಕೊಂಡು ಹತ್ತಿಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಹೆಣ್ಣುಮಗಳು ಗರ್ಭಿಣಿಯಾದಾಗ ಹೊಟ್ಟೆಯಲ್ಲಿರುವ ಮಗುವಿಗೆ ಕ್ಯಾಲ್ಸಿಯಂ ಒದಗಿಸಲು ದೇಹವು ಮೂಳೆಯನ್ನು ಕರಗಿಸುತ್ತದೆ. ಆಗ ಹಳೆಯ ಸೀಸವೂ ಹೊರಬರುತ್ತದೆ, ಮಾಸು ಅದನ್ನು ತಡೆಯಲಾರದು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಯಾರದೋ ಅಂಗಳದಲ್ಲಿ ಉಸಿರಾಡಿದ ಹೊಗೆ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವಳ ಮಗುವಿನ ಮಿದುಳಿಗೆ ತಲುಪಬಹುದು.

ಪೆಟ್ರೋಲಿನಲ್ಲಿ ಬೆರೆತ ಲಾಭ

ಸೀಸ ವಿಷವೆಂಬುದು ಪ್ರಾಚೀನರಿಗೂ ಗೊತ್ತಿತ್ತು. ಆದರೆ ಅದನ್ನು ಜಗತ್ತಿನ ಮೂಲೆಮೂಲೆಗೂ ತಲುಪಿಸಿದ್ದು 20ನೆಯ ಶತಮಾನದ ಮೋಟಾರು ಉದ್ಯಮ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಕೊಂಡರು. 1923ರಲ್ಲಿ ಮಾರಾಟ ಆರಂಭವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. 1925ರಲ್ಲಿ ಅಮೆರಿಕ ಸರಕಾರ ಕರೆದ ಸಭೆಯಲ್ಲಿ ಹಾರ್ವರ್ಡಿನ ಆಲಿಸ್ ಹ್ಯಾಮಿಲ್ಟನ್ ಮತ್ತು ಯೇಲ್ ವಿಶ್ವವಿದ್ಯಾನಿಲಯದ ಯಾಂಡೆಲ್ ಹೆಂಡರ್ಸನ್ ವಿರೋಧಿಸಿದರು. ವ್ಯಾಪಾರ ಮುಂದುವರಿಯಿತು.

ಹೇಗೆ ಮುಂದುವರಿಯಿತು ಎಂಬುದು ಗಮನಿಸಬೇಕಾದ ವಿಷಯ. ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಇದೇ ಕಂಪನಿಗಳ ಹಣದಿಂದ ಒಂದು ಪ್ರಯೋಗಾಲಯ ಸ್ಥಾಪನೆಯಾಯಿತು. ಅದರ ಮುಖ್ಯಸ್ಥ ರಾಬರ್ಟ್ ಕೀಹೋ ಸುಮಾರು 40 ವರ್ಷಗಳ ಕಾಲ ಒಂದೇ ಮಾತು ಹೇಳುತ್ತಾ ಬಂದರು: ಸೀಸ ಮನುಷ್ಯನ ದೇಹದಲ್ಲಿ ಸಹಜವಾಗಿಯೇ ಇರುತ್ತದೆ, ಒಂದು ಮಿತಿಯವರೆಗೆ ಅಪಾಯವಿಲ್ಲ, ಅಪಾಯವಿದೆ ಎನ್ನುವವರೇ ಅದನ್ನು ರುಜುವಾತುಪಡಿಸಲಿ. ಕೀಹೋ ಸುಳ್ಳುಗಾರರೆಂದು ನಾವು ಹೇಳುತ್ತಿಲ್ಲ. ಆದರೆ ಅವರ ಸಂಶೋಧನೆಗೆ ಹಣ ಕೊಟ್ಟವರು ಸೀಸ ಮಾರುವವರಾಗಿದ್ದರು, ಅವರು ಅಧ್ಯಯನ ಮಾಡಿದ್ದು ದೊಡ್ಡವರನ್ನು. ಮಕ್ಕಳ ಮಿದುಳು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಇದನ್ನು ಮುರಿದವರು ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಕ್ಲೇರ್ ಪ್ಯಾಟರ್ಸನ್. ಅವರು ವೈದ್ಯರಲ್ಲ, ಭೂಮಿಯ ವಯಸ್ಸು ಎಷ್ಟೆಂದು ಲೆಕ್ಕ ಹಾಕಿದ ಭೂರಸಾಯನ ವಿಜ್ಞಾನಿ. ಶಿಲೆಯಲ್ಲಿನ ಸೀಸವನ್ನು ಅಳೆಯಲು ಹೊರಟ ಅವರಿಗೆ ಪ್ರಯೋಗಾಲಯದ ಧೂಳು, ನೀರು, ತಮ್ಮದೇ ಕೂದಲು ಎಲ್ಲದರಲ್ಲೂ ಸೀಸ ಕಂಡಿತು. ಇಷ್ಟು ಸೀಸ ಪ್ರಕೃತಿಯದ್ದಲ್ಲ, ನಾವೇ ಹರಡಿದ್ದು ಎಂದು 1965ರಲ್ಲಿ ಅವರು ಪ್ರಕಟಿಸಿದರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು ಬಾಸ್ಟನ್ ಸಮೀಪದ ಎರಡು ಪಟ್ಟಣಗಳ ಶಾಲಾಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಕಾಯಿಲೆಯವರಂತೆ ಕಾಣುತ್ತಿರಲಿಲ್ಲ, ಆದರೆ ಬುದ್ಧಿಪರೀಕ್ಷೆಯಲ್ಲಿ ಹಿಂದಿದ್ದರು, ತರಗತಿಯಲ್ಲಿ ಗಮನ ನಿಲ್ಲುತ್ತಿಲ್ಲವೆಂದು ಅಧ್ಯಾಪಕರು ಬರೆದುಕೊಟ್ಟಿದ್ದರು. ಮುಂದೆ ಉದ್ಯಮದ ಪರವಾಗಿ ಸಾಕ್ಷಿ ಹೇಳಿದ ತಜ್ಞರು ನೀಡಲ್‌ಮನ್ ಮೇಲೆ ಸಂಶೋಧನಾ ವಂಚನೆಯ ಆರೋಪ ಹೊರಿಸಿದರು. ವಿಚಾರಣೆ ನಡೆದು ವಂಚನೆಯಿಲ್ಲವೆಂದು ತೀರ್ಮಾನವಾಗುವವರೆಗೆ ಅವರು ಪಟ್ಟ ಪಾಡು ಸಣ್ಣದಲ್ಲ.

2005ರಲ್ಲಿ ಏಳು ಅಧ್ಯಯನಗಳ 1,333 ಮಕ್ಕಳ ಲೆಕ್ಕವನ್ನು ಒಟ್ಟಿಗೆ ಸೇರಿಸಿ ನೋಡಲಾಯಿತು. ರಕ್ತದ ಸೀಸ ಡೆಸಿಲೀಟರಿಗೆ 2.4 ಮೈಕ್ರೋಗ್ರಾಂನಿಂದ 10ಕ್ಕೆ ಏರಿದಾಗಲೇ ಬುದ್ಧಿಸೂಚ್ಯಂಕ ಸುಮಾರು 4 ಅಂಕ ಕುಸಿದಿತ್ತು, 10ರಿಂದ 20ಕ್ಕೆ ಏರಿದಾಗ ಆಗುವ ನಷ್ಟ ಅದಕ್ಕಿಂತ ಕಡಿಮೆ. ಅಂದರೆ ಮೊದಲ ಹನಿಗಳೇ ಹೆಚ್ಚು ಹಾನಿಕರ. 'ಸ್ವಲ್ಪವಾದರೆ ಪರವಾಗಿಲ್ಲ' ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1991ರಲ್ಲಿ 10 ಇದ್ದ ಎಚ್ಚರಿಕೆಯ ಮಟ್ಟವನ್ನು 2012ರಲ್ಲಿ 5ಕ್ಕೂ, 2021ರಲ್ಲಿ 3.5ಕ್ಕೂ ಇಳಿಸಿದೆ.

ಬೆಂಗಳೂರಿನಲ್ಲಿ ಕಂಡದ್ದು

ನಮ್ಮ ನಾಡಿನ ಪಾಲು ಇದರಲ್ಲಿ ಚಿಕ್ಕದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. ಪೆಟ್ರೋಲ್ ಬಂಕಿನಲ್ಲಿ ಆ ಬರಹವನ್ನು ಓದಿದ ನೆನಪು ನಮ್ಮ ವಯಸ್ಸಿನವರಿಗೆ ಇರಬಹುದು, ಅದರ ಅರ್ಥವೇನೆಂದು ಅಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಜಗತ್ತಿನಲ್ಲಿ ಕೊನೆಯದಾಗಿ ಆಲ್ಜೀರಿಯಾ ದೇಶವು 2021ರ ಜುಲೈನಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು.

ಭಾರತದ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಆರಂಭಿಸಿದ ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜು ಈ ಕೆಲಸದಲ್ಲಿ ಮುಂದೆ ನಿಂತಿತೆಂಬುದು ನಮ್ಮ ಓದುಗರಿಗೆ ಸಂತೋಷ ತರುವ ವಿಷಯ. ಅಲ್ಲಿಯ ಜೀವರಸಾಯನ ವಿಭಾಗದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸಕ್ಕೆ ಸಂಬಂಧಿಸಿದ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಬ್ಯಾಟರಿ ಕಾರ್ಮಿಕರು, ಬಣ್ಣ ಬಳಿಯುವವರು, ಮಕ್ಕಳು ಹೀಗೆ ಯಾರಲ್ಲಿ ಎಷ್ಟು ಸೀಸವಿದೆ, ಅದು ಎಲ್ಲಿಂದ ಬಂತು ಎಂದು ಹುಡುಕುವುದೇ ಅವರ ಕೆಲಸವಾಯಿತು. ಮಕ್ಕಳಾಗಲೆಂದು ಸೇವಿಸಿದ ನಾಟಿ ಔಷಧದಿಂದಲೇ ಸೀಸ ಮೈಗೆ ಸೇರಿದ ಪ್ರಕರಣವೂ 2007ರಲ್ಲಿ ಇವರ ತಂಡದಿಂದ ಪ್ರಕಟವಾಗಿದೆ.

ಪೆಟ್ರೋಲಿನಿಂದ ಸೀಸ ಹೋಯಿತೆಂದು ಕಥೆ ಮುಗಿಯಲಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮೀರಿದೆ. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು. ಮೂವರು ಮಕ್ಕಳಲ್ಲಿ ಒಂದು ಮಗು ಎಂಬ ಈ ಲೆಕ್ಕ ಓದಿ ನಾವು ಒಮ್ಮೆ ಪುಸ್ತಕ ಮುಚ್ಚಿಟ್ಟದ್ದುಂಟು.

ಈಗಿನ ದಾರಿಗಳು

ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಶೇ. 80ಕ್ಕಿಂತ ಹೆಚ್ಚು ಹೋಗುವುದು ಬ್ಯಾಟರಿಗೆ. ಕಾರು, ಬೈಕು, ಇನ್‌ವರ್ಟರ್, ಮೊಬೈಲ್ ಗೋಪುರ, ವಿದ್ಯುತ್ ರಿಕ್ಷಾ ಎಲ್ಲದಕ್ಕೂ ಬೇಕು. ಬ್ಯಾಟರಿಯ ಸೀಸವನ್ನು ಮತ್ತೆ ಮತ್ತೆ ಕರಗಿಸಿ ಬಳಸಬಹುದು. ಒಳ್ಳೆಯ ಕಾರ್ಖಾನೆಯಲ್ಲಿ, ಹೊಗೆ ಹೀರುವ ವ್ಯವಸ್ಥೆಯಿದ್ದರೆ, ಇದು ಒಳ್ಳೆಯ ಉದ್ಯಮವೇ. ಆದರೆ ಆ ವ್ಯವಸ್ಥೆಗೆ ಖರ್ಚಿದೆ. ಹಿತ್ತಿಲಲ್ಲಿ ಕೊಡಲಿಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಬಾಣಲೆಯಲ್ಲಿ ಕರಗಿಸುವವನಿಗೆ ಖರ್ಚಿಲ್ಲ, ಆದ್ದರಿಂದ ಅವನು ಹೆಚ್ಚು ಬೆಲೆ ಕೊಡಬಲ್ಲ. ಗುಡೇಮಾರನಹಳ್ಳಿಯ ಜಗಲಿಯಲ್ಲಿ ನಾವು ಕೇಳಿದ ಲೆಕ್ಕಾಚಾರದ ಗುಟ್ಟು ಇದೇ. 2001ರಲ್ಲಿ ಬಂದ ನಿಯಮಗಳ ಜಾಗದಲ್ಲಿ 2022ರಲ್ಲಿ ಹೊಸ ಬ್ಯಾಟರಿ ತ್ಯಾಜ್ಯ ನಿಯಮಗಳು ಬಂದಿವೆ. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಸರಿಯಾದ ಕಡೆ ಕಳುಹಿಸುವುದು ತಯಾರಕರ ಹೊಣೆ. ನಿಯಮವಿದ್ದರೂ ಗುಜರಿಯವನ ಕೈಯಲ್ಲಿ ನಗದು ಇರುತ್ತದೆ.

ಇದರ ಪರಿಣಾಮ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಆಫ್ರಿಕಾದ ಸೆನೆಗಲ್ ದೇಶದ ಥಿಯರೋಯ್ ಎಂಬ ಮೀನುಗಾರರ ಊರೇ ಸಾಕ್ಷಿ. ಅಲ್ಲಿಯವರು ಬ್ಯಾಟರಿ ಸೀಸ ಬೆರೆತ ಮಣ್ಣನ್ನು ಜರಡಿ ಹಿಡಿದು ಮಾರುತ್ತಿದ್ದರು. 2007ರ ಕೊನೆಯಿಂದ 2008ರ ಆರಂಭದೊಳಗೆ 18 ಎಳೆಯ ಮಕ್ಕಳು ಸತ್ತರು. ನಮ್ಮ ಕರಾವಳಿಯಲ್ಲಿಯೂ ಬಲೆಯ ಗುಂಡಿಗಾಗಿ ಮನೆಯಂಗಳದಲ್ಲಿ ಸೀಸ ಕರಗಿಸುವುದನ್ನು ನಾವು ಚಿಕ್ಕಂದಿನಲ್ಲಿ ನೋಡಿದ್ದೇವೆ. ಕರಗಿದ ಬೆಳ್ಳಿಯಂಥ ದ್ರವ ಅಚ್ಚಿಗೆ ಬೀಳುವುದನ್ನು ನೋಡಲು ಮಕ್ಕಳೆಲ್ಲ ಸುತ್ತ ಕುಳಿತುಕೊಳ್ಳುತ್ತಿದ್ದೆವು. ಈಗಲೂ ಮಾಡುವವರಿದ್ದರೆ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು, ಅಡುಗೆಯ ಪಾತ್ರೆ ಮತ್ತು ಒಲೆಯನ್ನು ಅದಕ್ಕೆ ಬಳಸಲೇಬಾರದು. ಗುಂಡನ್ನು ಸಿದ್ಧವಾಗಿ ಕೊಂಡುಕೊಳ್ಳುವುದು ಎಲ್ಲಕ್ಕಿಂತ ಲೇಸು.

ಗೋಡೆ ಬಾಗಿಲುಗಳ ಬಣ್ಣ ಎರಡನೆಯ ದಾರಿ. ಹಳದಿ, ಕೆಂಪು ಬಣ್ಣಗಳು ಹೊಳೆಯಲೆಂದು, ಬೇಗ ಒಣಗಲೆಂದು ಸೀಸದ ಸಂಯುಕ್ತ ಸೇರಿಸುವ ರೂಢಿಯಿತ್ತು. 2016ರ ನಿಯಮದಂತೆ 2017ರ ನವೆಂಬರಿನಿಂದ ಮನೆಬಣ್ಣಗಳಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು. ದೊಡ್ಡ ಕಂಪನಿಗಳು ಪಾಲಿಸುತ್ತವೆ, ಸಣ್ಣಪುಟ್ಟ ಹೆಸರಿನ ಡಬ್ಬಗಳನ್ನು ಕೊಳ್ಳುವಾಗ ಎಚ್ಚರ ಬೇಕು. ಹಳೆಯ ಮನೆ, ಹಳೆಯ ಶಾಲೆಯ ಕಿಟಕಿಗಳ ಬಣ್ಣ ಈ ನಿಯಮಕ್ಕಿಂತ ಹಿಂದಿನದು. ಅದನ್ನು ಒಣಗಿರುವಾಗಲೇ ಉಜ್ಜಿ ತೆಗೆಯುವುದು ಹಬ್ಬದ ಮುಂಚೆ ನಾವೆಲ್ಲ ಮಾಡುವ ತಪ್ಪು. ನೀರು ಹಾಕಿ ನೆನೆಸಿ ಉಜ್ಜಬೇಕು, ಮಕ್ಕಳು ಅಲ್ಲಿರಬಾರದು, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರಸಬೇಕು.

ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ಕೆಟ್ಟ ಚಾಳಿಯನ್ನು 2019ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಬಾಂಗ್ಲಾದೇಶದಲ್ಲಿ ಬಯಲಿಗೆಳೆದರು. ಅಲ್ಲಿನ ಸರಕಾರ ದಾಳಿ ನಡೆಸಿ, ದಂಡ ವಿಧಿಸಿ, ಜನರಿಗೆ ತಿಳಿಹೇಳಿ ಎರಡೇ ವರ್ಷಗಳಲ್ಲಿ ಮಾರುಕಟ್ಟೆಯನ್ನು ಬಹುಮಟ್ಟಿಗೆ ಶುದ್ಧಗೊಳಿಸಿತು. ಬಡ ದೇಶಕ್ಕೆ ಇದು ಸಾಧ್ಯವಿಲ್ಲ ಎನ್ನುವವರು ಈ ಉದಾಹರಣೆಯನ್ನು ಗಮನಿಸಲಿ. ಗಟ್ಟಿ ಅರಿಶಿನದ ಕೊಂಬನ್ನು ತಂದು ತೊಳೆದು ಪುಡಿ ಮಾಡಿಸುವುದು ನಮ್ಮಲ್ಲಿ ಸಾಧ್ಯವಿರುವ ಕೆಲಸ, ಆದರೂ ತೀರಾ ಹೊಳೆಯುವ ಕೊಂಬನ್ನು ನಂಬಬೇಡಿ. ಪಾತ್ರೆಯ ಕಲಾಯಿಗೂ ತವರವೇ ಆಗಬೇಕು. ಅಗ್ಗವೆಂದು ಸೀಸ ಬೆರೆತರೆ ಹುಳಿಸಾರಿನೊಂದಿಗೆ ಅದು ಹೊಟ್ಟೆಗೆ ಇಳಿಯುತ್ತದೆ.

ಇನ್ನು ಆಟಿಕೆ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರವನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಅರಗು ವಿಷವಲ್ಲ. ಪ್ರಶ್ನೆಯಿರುವುದು ಅದರಲ್ಲಿ ಬೆರೆಸುವ ಬಣ್ಣದ್ದು. ಅರಿಶಿನ, ನೀಲಿ ಮೊದಲಾದ ಸಸ್ಯಮೂಲದ ಬಣ್ಣವಾದರೆ ನಿಶ್ಚಿಂತೆ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ, ಅದರ ಪರೀಕ್ಷೆಯಲ್ಲಿ ಸೀಸದ ಮಿತಿಯೂ ಸೇರಿದೆ. ಆದರೆ ನೋಂದಾಯಿತ ಕರಕುಶಲಕರ್ಮಿಗಳಿಗೂ ಚನ್ನಪಟ್ಟಣದಂತಹ ಭೌಗೋಳಿಕ ಸೂಚಿಕೆಯ ಆಟಿಕೆಗಳಿಗೂ ಇದರಿಂದ ವಿನಾಯಿತಿ ಕೊಡಲಾಗಿದೆ. ಬಡ ಕುಶಲಕರ್ಮಿಯ ಮೇಲೆ ಪರೀಕ್ಷೆಯ ಖರ್ಚು ಹೊರಿಸದಿರುವುದು ಸರಿಯೇ. ಅದೇ ಸಮಯಕ್ಕೆ ಸರಕಾರವೇ ಉಚಿತವಾಗಿ ಪರೀಕ್ಷಿಸಿ ಕೊಡುವ ಏರ್ಪಾಡು ಇದ್ದರೆ ಕಡೆಯುವವನಿಗೂ ಕೊಳ್ಳುವವನಿಗೂ ಒಳಿತು ಎಂಬುದು ನಮ್ಮ ಅಭಿಪ್ರಾಯ. ಯಾವ ಬಣ್ಣ ಹಾಕಿದ್ದೀರಿ ಎಂದು ಕೇಳಿ ಕೊಳ್ಳಿ, ಒಳ್ಳೆಯ ಕೆಲಸಗಾರ ಬೇಸರಪಡುವುದಿಲ್ಲ.

ಪರೀಕ್ಷೆ, ಆಹಾರ, ಆರೈಕೆ

ಸೀಸವಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯೊಂದೇ ದಾರಿ. ಮನೆಯಲ್ಲಿ ಬ್ಯಾಟರಿ, ಬೆಸುಗೆ, ಬಣ್ಣದ ಕೆಲಸ ಮಾಡುವವರಿದ್ದು ಮಗು ಮಂಕಾಗಿದ್ದರೆ, ಹೊಟ್ಟೆನೋವೆಂದು ಅಳುತ್ತಿದ್ದರೆ, ಮಣ್ಣು ತಿನ್ನುತ್ತಿದ್ದರೆ ವೈದ್ಯರಲ್ಲಿ ಈ ಪರೀಕ್ಷೆಯ ಬಗ್ಗೆ ಬಾಯಿಬಿಟ್ಟು ಕೇಳಿ. 45 ಮೈಕ್ರೋಗ್ರಾಂ ದಾಟಿದರೆ ಸೀಸವನ್ನು ಹೊರಹಾಕುವ ಔಷಧ ಕೊಡುತ್ತಾರೆ. ಅದು ಜೀವ ಉಳಿಸುತ್ತದೆ, ಆದರೆ ಮಿದುಳಿಗಾದ ಹಾನಿಯನ್ನು ಪೂರ್ತಿ ಸರಿಪಡಿಸದು. ಅದಕ್ಕಿಂತ ಕಡಿಮೆಯಿದ್ದಾಗ ಮಾಡಬೇಕಾದದ್ದು ಮೂಲವನ್ನು ಹುಡುಕಿ ತೆಗೆಯುವುದು, ಚೆನ್ನಾಗಿ ಉಣಿಸುವುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮಾಗಡಿ ಕಡೆಯವರಿಗೆ ರಾಗಿ ಮುದ್ದೆ ಇದ್ದರೆ ನಮ್ಮವರಿಗೆ ಮುಳ್ಳುಸಮೇತ ತಿನ್ನಬಹುದಾದ ಸಣ್ಣ ಮೀನುಗಳಿವೆ. ಸೊಪ್ಪು, ಕಾಳು, ಮೊಟ್ಟೆಯಿಂದ ಕಬ್ಬಿಣಾಂಶ ಸಿಗುತ್ತದೆ. ಕೆಲಸದಿಂದ ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಕಾಲು ತೊಳೆದು ಬಟ್ಟೆ ಬದಲಿಸಲಿ, ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯದಿರಲಿ. ಸೀಸ ಎಷ್ಟೋ ಮನೆಗಳಿಗೆ ಬರುವುದು ಅಪ್ಪನ ಅಂಗಿಯ ಮೇಲೆ.

ಓದಿ ಮುಗಿಸಿದ ಸಂಜೆಯೇ ಗುಡೇಮಾರನಹಳ್ಳಿಗೆ ಫೋನು ಮಾಡಿದೆವು. ತಾಯಿಗೆ ಆಟಿಕೆಯ ವಿಷಯ ಹೇಳಿ, ಅನಂತರ ಚಿಕ್ಕಪ್ಪನನ್ನು ಕರೆಯಿರಿ ಎಂದೆವು. ಬ್ಯಾಟರಿ ಇನ್ನೂ ಜಗಲಿಯಲ್ಲೇ ಇತ್ತು. "ಅಂಗಡೀಲಿ ಕೊಟ್ರೆ ಕಮ್ಮಿ ಕೊಡ್ತಾರೆ ಫಾದರ್" ಎಂದು ಅವರು ಸ್ವಲ್ಪ ಹೊತ್ತು ವಾದಿಸಿದರು. ಕಮ್ಮಿ ಎಂದರೆ ಎಷ್ಟು ಎಂದು ಕೇಳಿದಾಗ ಮುನ್ನೂರೋ ನಾನೂರೋ ಎಂದರು. ಒಡೆಯದೆ ಹಾಗೆಯೇ ಅಂಗಡಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ಕಳೆಯಿಸಿಕೊಂಡೆವೆಂದು ವಾರದ ನಂತರ ತಾಯಿ ತಿಳಿಸಿದರು. ಬ್ಯಾಟರಿ ಇದ್ದ ಮೂಲೆಯನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರಸಿದ್ದಾರಂತೆ.